ಕರಡಿ ಮಡಿವಾಳೆಪ್ಪನ ಮುಂಗೈ

ಮುನವಳ್ಳಿ ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸುವ ಮಡಿವಾಳೆಪ್ಪನನ್ನು ಊರೆಲ್ಲ ಕರೆಯುವುದು ಕರಡಿ ಮಡಿವಾಳೆಪ್ಪ ಎಂದು. ಕರಡಿ ಎಂದರೆ ಕೊರಳಿಗೆ ತೂಗುಹಾಕಿಕೊಂಡು ಬಾರಿಸುವ ಭಾರದ ವಾದ್ಯ. ಹಗಲೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಗಿರಾಕಿಗೊಂದು ತುಂಡು, ತನಗೊಂದು ತುಂಡು ಎಂದು ಬೆಲ್ಲ ಒಡೆಯುವ ಈ ಧಡೂತಿ ಮನುಷ್ಯ, ಮದುವೆ ಮೆರವಣಿಗೆಯಲ್ಲಿ ಕರಡಿ ಕೊರಳಿಗೇರಿತೆಂದರೆ ಬೇರೆಯೇ ಆಗಿಬಿಡುತ್ತಿದ್ದ. ಸೊಂಟ ನೋವೆಂದು ನರಳುತ್ತಿದ್ದ ಮುದುಕಿಯರೂ ಸೆರಗು ಬಿಗಿದು ಕುಣಿಯುತ್ತಿದ್ದರು.

ಅವನಿಗೊಬ್ಬಳೇ ಮಗಳು, ಶೈಲಜಾ. ಅವಳಿನ್ನೂ ತೊಟ್ಟಿಲಲ್ಲಿದ್ದಾಗಲೇ, ಇವಳ ಮದುವೆಗೆ ಕರಡಿ ಬಾರಿಸುವವನು ನಾನೇ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದ. ಶ್ರಾವಣದಲ್ಲಿ ಕಿತ್ತೂರಿನ ವರ ಗೊತ್ತಾದ. ಮಾಘಕ್ಕೆ ಲಗ್ನ ಎಂದು ಕೇಳಿದ್ದೇ ತಡ, ಮಡಿವಾಳೆಪ್ಪ ಅಂಗಡಿಯ ಕಟ್ಟೆಯ ಮೇಲೆ ನಿಂತು, ಇಲ್ಲದ ಕರಡಿಯನ್ನು ಬರಿಗೈಲಿ ಬಾರಿಸುತ್ತ ಒಂದು ಸುತ್ತು ತಿರುಗಿದ. ಎರಡನೆಯ ಸುತ್ತಿಗೆ ಕಾಲು ಜಾರಿತು. ಆ ಕಟ್ಟೆ ಮೊಣಕಾಲಿನೆತ್ತರವೂ ಇರಲಿಲ್ಲ. ಬಲಗೈ ಊರಿದ, ಮುಂಗೈ ಲಟಕ್ಕೆಂದಿತು.

"ಏ, ಏನೂ ಆಗಿಲ್ಲ ಬಿಡ್ರೋ" ಎಂದು ನಗುತ್ತಲೇ ಎದ್ದ. ಕೈ ಮಾತ್ರ ಏಳಲಿಲ್ಲ.

ಬೈಲಹೊಂಗಲದಲ್ಲಿ ಪಟ್ಟಿ ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಪಡಸಾಲೆ ತುಂಬಿತ್ತು. ನಮ್ಮ ಕಡೆ ಎಲುಬು ಮುರಿದವರನ್ನು ಮಾತಾಡಿಸಲು ಬರಿಗೈಲಿ ಯಾರು ಬರುತ್ತಾರೆ? ಡಬ್ಬಿ ಡಬ್ಬಿ ಅಂಟಿನ ಉಂಡೆ ಬರುತ್ತದೆ. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲದ ಪಾಕ! ಎಲ್ಲಕ್ಕಿಂತ ದೊಡ್ಡ ಡಬ್ಬಿ ಸಿರಸಂಗಿಗೆ ಕೊಟ್ಟ ತಂಗಿ ಶಟ್ಟೆವ್ವನದು.

"ತಿನ್ನೋ ಅಣ್ಣಾ. ಎಲುಬು ಕೂಡಿ ಕಬ್ಬಿಣ ಆಗತೈತಿ."

ಅಣ್ಣ ತಿಂದ. ಬೆಳಿಗ್ಗೆ ಔಷಧಿಯೆಂದು ತಿಂದ, ಮಧ್ಯಾಹ್ನ ತಂಗಿಯ ಮನಸ್ಸು ನೋಯಬಾರದೆಂದು ತಿಂದ, ರಾತ್ರಿ ಯಾವ ಕಾರಣವೂ ಇಲ್ಲದೆ ತಿಂದ. ಇಂಥ ಔಷಧಿ ಸಿಗುವುದಾದರೆ ಇನ್ನೊಂದು ಕೈಯೂ ಮುರಿಯಲಿ ಎಂದು ಹೆಂಡತಿ ಚನ್ನವ್ವನ ಮುಂದೆ ಹೇಳಿ ಬೈಸಿಕೊಂಡ.

ಬೈಲಹೊಂಗಲದಲ್ಲಿ ಪಟ್ಟಿ ಹಾಕಿದ ಡಾಕ್ಟರ್ ಮಂಜುಳಾಗೆ ಮಾತ್ರ ಸಂಶಯ. ಅಷ್ಟು ಸಣ್ಣ ಕಟ್ಟೆಯಿಂದ ಬಿದ್ದರೆ ಇಂಥ ಆಳಿನ ಮುಂಗೈ ಯಾಕೆ ಮುರಿಯಬೇಕು? ರಕ್ತ ತೆಗೆಸಿದರು, ಎಲುಬಿನ ಪರೀಕ್ಷೆ ಮಾಡಿಸಿದರು, ಹೊಟ್ಟೆಯ ಸ್ಕ್ಯಾನಿಂಗೂ ಆಯಿತು.

"ಎಲುಬು ಸವದಾವ್ರಿ. ಮತ್ತ ಲಿವರ್‌ನಾಗ ಕೊಬ್ಬು ತುಂಬೈತಿ."

ಮಡಿವಾಳೆಪ್ಪ ಕುರ್ಚಿಯಿಂದ ಅರ್ಧ ಎದ್ದ. "ಲಿವರ್? ಅದು ಕುಡಿಯಾವ್ರಿಗೆ ಬರೂದ್ರಿ! ನಾ ಜೀವಮಾನದಾಗ ಒಂದ್ ಹನಿ ಮುಟ್ಟಿಲ್ಲ!"

ಚನ್ನವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಖರೇ ಹೇಳ್ರಿ. ಬಾರಸಾಕ ಹೋದಲ್ಲೆ ಏನರ..."

"ಸಿದ್ಧಾರೂಢರ ಆಣಿಗೂ ಇಲ್ಲ!"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಕುಡೀಲಾರದವ್ರಿಗೂ ಬರತೈತ್ರಿ. ಕುಂತಲ್ಲೆ ಕುಂತು ಬೆಲ್ಲ, ತುಪ್ಪ ಅಂತ ತಿಂದ್ರ ಸಾಕು. ಬಿಸಲಿಂದ ಮೈಯಾಗ ಹುಟ್ಟೂ ಡಿ ವಿಟಮಿನ್ ಲಿವರ್‌ನಾಗ ಹದಾ ಆಗಿ ಮುಂದ ಹೋಗಬೇಕು. ಅಲ್ಲೆ ಕೊಬ್ಬು ಕುಂತ್ರ ಎಲುಬಿಗೂ ಪೆಟ್ಟು ಬೀಳಬಹುದು. ಎಲ್ಲಾರಿಗೂ ಹಂಗ ಆಗತೈತಿ ಅಂತಲ್ಲ. ನಿಮಗಂತೂ ಎರಡೂ ಕೂಡಿ ಬಂದಾವು."

"ಮಗಳ ಲಗ್ನದಾಗ ಕರಡಿ ಬಾರಸಬೇಕ್ರಿ ನಾ."

"ಗುಳಿಗಿ ಕೊಡತೇನಿ. ನಡೀರಿ, ಬಿಸಲಾಗ ಅಡ್ಡಾಡ್ರಿ, ಕಾಳು, ಸೊಪ್ಪಿನ ಪಲ್ಯೆ ತಿನ್ರಿ. ಉಂಡಿ ಬಂದ್. ಇಲ್ಲಾಂದ್ರ ಆ ಭಾರ ಕೊರಳಿಗೆ ಹಾಕೊಳ್ಳಾಕ ನಾ ಒಪ್ಪೂದಿಲ್ಲ."

ಎಲುಬಿಗೆಂದು ತಿಂದದ್ದೇ ಎಲುಬಿಗೆ ಮುಳುವಾಯಿತಲ್ಲ ಎಂದು ಮಡಿವಾಳೆಪ್ಪನಿಗೆ ಅಳುವೂ ಬಂತು, ನಗುವೂ ಬಂತು. ಉಳಿದ ಉಂಡೆಯ ಡಬ್ಬಿಯನ್ನು ಸಿರಸಂಗಿಗೆ ವಾಪಸು ಕಳಿಸಿದ. ಅದೇ ತಪ್ಪಾಯಿತು. ತವರಿಗೆ ಕೊಟ್ಟದ್ದು ಹಿಂದಿರುಗಿ ಬಂದರೆ ಯಾವ ಹೆಣ್ಣುಮಗಳು ಸಹಿಸುತ್ತಾಳೆ?

"ನನ್ನ ಕೈ ಉಂಡಿ ನಿನಗ ವಿಷಾ ಆತೇನು?" ಎಂದು ಫೋನಿನಲ್ಲಿ ಗುಡುಗಿದ ಶಟ್ಟೆವ್ವ ಆಮೇಲೆ ಮಾತೇ ಬಿಟ್ಟಳು.

ಮಡಿವಾಳೆಪ್ಪನಿಗೆ ಸಂಕಟವಾಯಿತು. ಆದರೂ ನಡೆದ. ಬೆಳಗಿನ ಬಿಸಿಲಿಗೆ ಅಂಗಿಯ ತೋಳು ಮಡಚಿ ಮಲಪ್ರಭೆಯ ದಂಡೆಗುಂಟ ಹೊರಟರೆ ಹಿಂದೆ ಚನ್ನವ್ವ ಕಾವಲು. ಪಟ್ಟಿ ಬಿಚ್ಚಿದ ಮೇಲೆ ಬೆರಳುಗಳು ಮೊದಲು ತೊಡೆಯ ಮೇಲೆ, ಆಮೇಲೆ ಅಕ್ಕಿ ಚೀಲದ ಮೇಲೆ, ಕೊನೆಗೆ ಗಿರಾಕಿಗಳ ಬೆನ್ನ ಮೇಲೂ ತಾಳ ಹಾಕತೊಡಗಿದವು. ಹೊಟ್ಟೆ ಇಳಿದು ಧೋತರ ಜಾರತೊಡಗಿದ ದಿನ ಅವನು ಪೇಟೆಯ ನಡುವೆ ಅದನ್ನು ಹಿಡಿದುಕೊಂಡೇ ಕುಣಿದ. ಪುಷ್ಯ ಮುಗಿಯುವ ಹೊತ್ತಿಗೆ ಡಾಕ್ಟರು ಕೈ ತಿರುಗಿಸಿ ಮುರುಗಿಸಿ ನೋಡಿ, ಎಲುಬಿಗೆ ಇನ್ನೂ ಕಾಲ ಬೇಕು, ಆದರೆ ಮೆರವಣಿಗೆಯಷ್ಟು ಹೊತ್ತು ಬಾರಿಸಬಹುದು ಎಂದರು.

ಲಗ್ನದ ದಿನ ಕರಡಿ ಕೊರಳಿಗೇರಿತು. ಶಹನಾಯಿ ಎತ್ತಿಕೊಂಡಿತು. ಮೊದಲ ಪೆಟ್ಟಿಗೇ ಮದುಮಗಳ ಕಣ್ಣು ತುಂಬಿತು, ಎರಡನೆಯದಕ್ಕೆ ಅವಳ ಹೆಗಲು ಕುಣಿಯಿತು. ಮಡಿವಾಳೆಪ್ಪನ ಕಣ್ಣು ಮಾತ್ರ ಜನರಲ್ಲಿ ತಂಗಿಯನ್ನು ಹುಡುಕುತ್ತಿತ್ತು.

ಬಂದಳು. ಬಾರಿಸುವವನ ಬಾಯಿಗೆ ಸಿಹಿ ತುರುಕುವುದು ಇಲ್ಲಿಯ ರೂಢಿ, ಎರಡೂ ಕೈ ಕರಡಿಯ ಮೇಲಿರುವಾಗ ಅವನು ಬೇಡವೆನ್ನುವುದಾದರೂ ಹೇಗೆ? ಶಟ್ಟೆವ್ವ ಅದೇ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಜನರನ್ನು ನೂಕುತ್ತ ಎದುರಿಗೇ ನಿಂತಳು. ಬಾಯಿ ಮುಚ್ಚಿದರೆ ತಂಗಿ ಹೋದಳು, ತೆರೆದರೆ ಇಷ್ಟು ದಿನ ಪಟ್ಟ ಪಾಡು ಹೋಯಿತು. ಅವನು ಕಣ್ಣು ಮುಚ್ಚಿ ಬಾಯಿ ತೆರೆದ.

ನಾಲಿಗೆಗೆ ತಾಗಿದ್ದು ಬೆಲ್ಲವಲ್ಲ. ಹಸಿ ಹಸಿಯಾದ, ಚುರುಕೆನ್ನುವ, ಆಗಷ್ಟೇ ಹೊಲದಿಂದ ಕಿತ್ತ ಹಕ್ಕರಿಕೆ ಸೊಪ್ಪು! ಅದನ್ನೇ ಒಂದು ಹಿಡಿ ಅವನ ಬಾಯಿಗೆ ತುರುಕಿ, ಸಾಲದೆಂದು ಇನ್ನೊಂದು ಹಿಡಿ ತುರುಕಿದಳು.

"ಚನ್ನವ್ವ ವೈನಿ ಎಲ್ಲಾ ಹೇಳ್ಯಾಳು. ತಿನ್ನು, ನಮ್ಮ ಹೊಲದ್ದ ಐತಿ. ನೀ ಕರಡಿ ಬಾರಸೂದು ನಾ ಇನ್ನೂ ಭಾಳ ವರ್ಷ ಕೇಳಬೇಕೋ ಅಣ್ಣಾ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಿಂದ ಸೊಪ್ಪು ಜೋತಾಡಿಸುತ್ತ, ಎತ್ತಿನಂತೆ ಮೆಲ್ಲುತ್ತ, ಕಣ್ಣೀರು ಸುರಿಸುತ್ತ ಮಡಿವಾಳೆಪ್ಪ ಬಾರಿಸಿದ. ಜನ್ಮದಲ್ಲೇ ಮೊದಲ ಸಲ ಅವನ ತಾಳ ತಪ್ಪಿತು, ಯಾರೂ ಕುಣಿಯುವುದನ್ನು ಬಿಡಲಿಲ್ಲ.