ಕೆಳಮನೆಯ ಮೂಕಿಚಿತ್ರದ ಡೈರೆಕ್ಟರು

ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಫೋರ್ಟ್ ಲೀ ಎಂಬ ಊರಿನಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗಡೆ ಮನೆಯ ಮಾಲೀಕರು, ಎಂಬತ್ತು ದಾಟಿದವರು, ಒಬ್ಬರೇ ಇದ್ದರು. ಒಂದು ದಿನ ಹಿಮಗಟ್ಟಿದ ಮೆಟ್ಟಿಲ ಮೇಲೆ ನಾನು ಈರುಳ್ಳಿ ಚೀಲದ ಸಮೇತ ಜಾರಿ, ಅವರ ಬಾಗಿಲ ಮುಂದೆ ಹೋಗಿ ಬಿದ್ದೆ. ಮುದುಕರು ಹೊರಗೆ ಬಂದರು. ನನಗೆ ಏಟಾಗಿಲ್ಲವೆಂದು ಖಾತ್ರಿಯಾದ ಮೇಲೆ, "ಬಿದ್ದದ್ದು ಚೆನ್ನಾಗಿತ್ತು. ಸ್ವಲ್ಪ ಅವಸರವಾಯಿತು ಅಷ್ಟೇ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಸಂಜೆ ರಸ್ತೆಗೆ ಉರುಳಿದ್ದ ಈರುಳ್ಳಿ ಆಯ್ದುಕೊಂಡು ಮೇಲೆ ಬಂದು ಅವರೇ ಸಮಜಾಯಿಷಿ ಕೊಟ್ಟರು. ಅವರು ಮೂಕಿಚಿತ್ರಗಳ ಕಾಲದ ಹಾಸ್ಯ ಡೈರೆಕ್ಟರು. ಹಾಲಿವುಡ್ ಬೆಳೆಯುವ ಮೊದಲು ಸಿನಿಮಾ ತಯಾರಾಗುತ್ತಿದ್ದದ್ದು ನಮ್ಮ ಈ ಊರಿನಲ್ಲೇ. ಇಲ್ಲಿನ ಸ್ಟುಡಿಯೋದಲ್ಲಿ ಏಣಿ ಹೊರುತ್ತಿದ್ದ ಅವರು ಕಂಪನಿಯ ಬೆನ್ನು ಹತ್ತಿ ಹಾಲಿವುಡ್‌ಗೆ ಹೋದರು. ಅಲ್ಲಿ ಡೈರೆಕ್ಟರು ಕುಡಿದು ಮಲಗಿದ್ದ ಒಂದು ದಿನ, ನಟರಿಗೆ ಕೂಗಿ ಹೇಳುವ ಮೆಗಾಫೋನ್ ಇವರ ಕೈಗೆ ಬಂತು. ಆಮೇಲೆ ವರ್ಷಗಟ್ಟಲೆ ತೆರೆಯ ಮೇಲೆ ಜನರನ್ನು ಕೊಳಕ್ಕೆ ಕೆಡವಿದರು, ಪೊಲೀಸರನ್ನು ಕತ್ತೆಯಿಂದ ಅಟ್ಟಿಸಿದರು.

"ಮತ್ತೆ ಯಾಕೆ ಬಿಟ್ಟಿರಿ?" ಎಂದೆ.

"ಟಾಕಿ ಬಂತು, ಮಾತಾಡುವ ಚಿತ್ರ. ಮೈಕನ್ನು ಹೂಕುಂಡದಲ್ಲಿ ಬಚ್ಚಿಟ್ಟರು. ನಟರೆಲ್ಲ ಹೂಕುಂಡದ ಸುತ್ತ ನಿಂತು ಮಾತಾಡತೊಡಗಿದರು. ಓಡುವವರೇ ಇಲ್ಲ. ಕೊನೆಗೆ ನಾನೇ ಓಡಿಬಂದೆ."

ಊರಿಗೆ ಮರಳಿ ದೀಪದ ಅಂಗಡಿ ಇಟ್ಟಿದ್ದರಂತೆ.

ಆ ವರ್ಷ ದೀಪಾವಳಿಗೆ ನಮ್ಮ ಕನ್ನಡದ ಕುಟುಂಬಗಳು ಚರ್ಚಿನ ನೆಲಮಾಳಿಗೆಯಲ್ಲಿ ಹಾಸ್ಯನಾಟಕ ಆಡುವುದೆಂದಾಯಿತು. ಬರೆದವರು ನನ್ನ ಯಜಮಾನರು, ಮುಖ್ಯಪಾತ್ರವೂ ಅವರದೇ. ರಿಹರ್ಸಲ್ ನಮ್ಮ ಮನೆಯಲ್ಲಿ. ಗಲಾಟೆಯ ಬಗ್ಗೆ ದೂರಲು ಬಂದ ಮುದುಕರು ಸೋಫಾದಲ್ಲಿ ಕೂತೇಬಿಟ್ಟರು.

"ಏನು ಅರ್ಥವಾಯಿತು?" ಎಂದು ಕೇಳಿದೆ.

"ನಿನ್ನ ಗಂಡ ತುಂಬಾ ಮಾತಾಡುತ್ತಾನೆ. ಅವನು ಕುರ್ಚಿಯಲ್ಲಿ ಕೂರಬೇಕು. ಅಲ್ಲಿ ಕುರ್ಚಿ ಇರಬಾರದು."

"ಅವರಿಗೆ ಕನ್ನಡಾನೇ ಬರಲ್ಲ ಕಣೇ, ನನ್ನ ಡೈಲಾಗ್ ಹೇಗೆ ಕಟ್ ಮಾಡ್ತಾರೆ?" ಎಂದು ಯಜಮಾನರು ರೇಗಿದರು.

ಮುದುಕರು ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಇಲ್ಲದ ಕುರ್ಚಿಯ ಮೇಲೆ ಗತ್ತಿನಿಂದ ಕೂತು ನೆಲಕ್ಕೆ ಬಿದ್ದರು. ನಾವೆಲ್ಲ ಕಿರುಚಿದೆವು. ಅವರು ಮಾತ್ರ ಬಿದ್ದಲ್ಲಿಂದಲೇ, "ಹೀಗೆ," ಎಂದರು.

ನಾಟಕದ ದಿನ ಮುದುಕರೂ ನಮ್ಮ ಜೊತೆ ಬಂದರು. ಯಜಮಾನರು ಒಂದು ಸಾಲನ್ನೂ ಬಿಡದೆ ಶುರುಮಾಡಿದರು. ಮೈಕು ಗೊರಗೊರ ಅಂದು ಸತ್ತಿತು. ಹಿಂದಿನ ಸಾಲಿನವರು ಹಿಮ, ವೀಸಾ ಅಂತ ತಮ್ಮ ಮಾತಿಗಿಳಿದರು. ಯಜಮಾನರು ಅತ್ತಿತ್ತ ನೋಡಿ, ಬೇರೆ ದಾರಿಯಿಲ್ಲದೆ, ಗಂಭೀರವಾಗಿ ಪಂಚೆ ಸರಿಮಾಡಿಕೊಂಡು ಗಾಳಿಯ ಮೇಲೆ ಕೂತರು.

ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕನ್ನಡ ಮರೆಯುತ್ತಿದ್ದ ಮಕ್ಕಳು ಬೆಂಚು ಹತ್ತಿ "ಅಗೇನ್! ಅಗೇನ್!" ಎಂದು ಕೂಗಿದರು. ಯಜಮಾನರು ಹಿಗ್ಗಿ ಮತ್ತೊಮ್ಮೆ ಬಿದ್ದರು.

ವಾಪಸು ಕಾರಿನಲ್ಲಿ ಮುದುಕರು, "ಎರಡನೆಯದು ಬೇಕಿರಲಿಲ್ಲ," ಎಂದರು. ಮನೆ ಹತ್ತಿರ ಬಂದಾಗ, "ನಾವು ಚಿತ್ರ ತೆಗೆದು ಕಳಿಸಿಬಿಡುತ್ತಿದ್ದೆವು. ಜನ ನಕ್ಕದ್ದು ಎಲ್ಲೋ ದೂರದ ಊರುಗಳಲ್ಲಿ. ಇವತ್ತು ನಾನು ಅಲ್ಲೇ ಇದ್ದೆ," ಎಂದರು.

ಯುಗಾದಿ ಹತ್ತಿರವಾದಾಗ ಕೆಂಡಲ್ ಪಾರ್ಕ್ ಎಂಬ ಊರಿನ ಕನ್ನಡ ಕೂಟದಿಂದ ಒಬ್ಬರು ಆಂಟಿ ಫೋನ್ ಮಾಡಿದರು. "ಪ್ರೋಗ್ರಾಮ್ ಫೈನಲ್ ಮಾಡ್ತಾ ಇದೀವಿ. ನಾಟಕ ಇಲ್ದಿದ್ರೂ ಪರವಾಗಿಲ್ಲ, ನಿಮ್ಮ ಯಜಮಾನ್ರು ಬೀಳೋಕೆ ಬರ್ತಾರಾ?"