ನಾನು ಹಾಡಿದ ಓಬಯ್ಯನ ದನಿ

ಕಂಪ್ಯೂಟರಿಗೆ ಗಾಳಿ ಮೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ವೈರಸ್ ಬಂದಿರುತ್ತದೆ, ಇಲ್ಲವೇ ಕರೆಂಟ್ ಏರಿಳಿದಿರುತ್ತದೆ ಎನ್ನುತ್ತಿದ್ದೆ. ಈಗಲೂ ಹಾಗೆಯೇ ಹೇಳುವ ಆಸೆ. ಆದರೆ ಆ ಮಧ್ಯಾಹ್ನ ನಡೆದದ್ದಕ್ಕೆ ಆ ಮಾತು ಸಾಲುವುದಿಲ್ಲ.

ಚಳ್ಳಕೆರೆಯಲ್ಲಿ ನನ್ನದೊಂದು ಪುಟ್ಟ ರೆಕಾರ್ಡಿಂಗ್ ಕೋಣೆ ಇದೆ. ನಾನೂ ಹಾಡುತ್ತೇನೆ, ಮೇಲಿನ ಸ್ವರಕ್ಕೆ ಹೋದಾಗ ಮಾತ್ರ ದನಿ ಜಾರುತ್ತದೆ. ನನ್ನ ಚಿಕ್ಕಪ್ಪನ ಮಗ ಓಬಯ್ಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಮಗ್ಗದ ಸದ್ದಿನಲ್ಲೂ ಅವನ ಶ್ರುತಿ ತಪ್ಪಿದ್ದನ್ನು ನಾನು ಕೇಳಿಲ್ಲ. ಮದುವೆಮನೆಯಲ್ಲಿ ನಾನು ಹಾಡಿ ಮುಗಿಸುವಷ್ಟರಲ್ಲೇ ನಮ್ಮವ್ವ, "ಓಬಯ್ಯ, ನೀನೊಂದು ಹೇಳಪ್ಪ" ಅನ್ನುತ್ತಿದ್ದಳು. ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಅವನನ್ನು ನನ್ನ ಕೋಣೆಗೆ ಒಮ್ಮೆಯೂ ಹಾಡಲು ಕರೆದಿರಲಿಲ್ಲ.

ಸಿದ್ದಾಪುರದ ಭಜನಾ ಮಂಡಳಿಯವರು ತಮ್ಮ ಹಾಡುಗಳನ್ನು ರೆಕಾರ್ಡ್ ಮಾಡಿಸಲು ಗಾಯಕನನ್ನು ಹುಡುಕುತ್ತಿದ್ದರು. ಓಬಯ್ಯನ ಹೆಸರು ಬರುವ ಮುನ್ನ ನನ್ನ ಹಾಡು ಅವರಿಗೆ ತಲುಪಬೇಕಿತ್ತು. ಒಂದು ಭಜನೆಯ ಪದ ಹಾಡಿ, ತಪ್ಪಿದ ಸ್ವರಗಳನ್ನು ಎತ್ತಿ ಕೂರಿಸುವ ಪ್ಲಗಿನ್ ಹಾಕಿದೆ. ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು. ಹೊಸ ಪ್ಲಗಿನ್ ಅದಕ್ಕೆ ಒಗ್ಗುವುದಿಲ್ಲ. ಪರದೆ ನಿಂತೇಹೋಯಿತು. ಮತ್ತೆ ಚಾಲೂ ಮಾಡಿದಾಗ ಎಲ್ಲ ಸ್ವರವೂ ತನ್ನ ಜಾಗದಲ್ಲಿತ್ತು. ದನಿ ಮಾತ್ರ ನನ್ನದಾಗಿರಲಿಲ್ಲ.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತು, "ಓಬಯ್ಯ ಯಾವಾಗ ಬಂದ? ಇನ್ನೊಂದು ಲೋಟ ತರ್ತೀನಿ" ಎಂದಳು.

ಪ್ಲಗಿನ್ ತೆಗೆದು ಕೇಳಿದೆ: ನಾನು, ನನ್ನ ಜಾರುವ ಸ್ವರ. ಹಾಕಿದರೆ ಅವನು. ಅವನ ದನಿಯ ಒಂದು ತುಣುಕೂ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ತಡೆಯಲಾರದೆ ಅವನಿಗೇ ಹಾಡು ಕಳಿಸಿದೆ. ಕೂಡಲೇ ಫೋನ್ ಮಾಡಿದ.

"ಅಣ್ಣಾ, ಎಂಥಾ ದನಿ ಐತೆ ನಿಂದು! ನನ್ ಕೈಲಿ ಹಿಂಗ್ ಹಾಡಾಕೆ ಆಗಲ್ಲ."

"ಸರಿಯಾಗಿ ಕೇಳೋ. ಅದು ನಿನ್ನ ದನಿ."

"ನನ್ ದನಿ ನಂಗೆ ಗೊತ್ತಾಗಲ್ವಾ? ಇದು ನಿಂದೇ ಅಣ್ಣಾ."

ಅವನ ಮಾತು ನಂಬಿ ಹಾಡನ್ನು ಮಂಡಳಿಗೆ ಕಳಿಸಿದೆ. "ಇದು ಮೊಳಕಾಲ್ಮೂರಿನ ಓಬಯ್ಯ ಅಲ್ವೇನ್ರಿ?" ಎಂದು ಕೇಳಿದವರು ಅವನನ್ನೇ ಕರೆಸಿಕೊಂಡರು.

ಬಲ್ಲವರನ್ನು ವಿಚಾರಿಸಿದ್ದೇನೆ. ಸ್ವರ ತಿದ್ದಬಹುದು, ಒಬ್ಬನ ಗಂಟಲನ್ನು ಇನ್ನೊಬ್ಬನಿಗೆ ಕೊಡುವ ಶಕ್ತಿ ಆ ಪ್ಲಗಿನ್‌ಗಿಲ್ಲ ಎನ್ನುತ್ತಾರೆ. ಓಬಯ್ಯ ಮಾತ್ರ ಆ ಹಾಡನ್ನು ಫೋನಿನಲ್ಲಿ ಇಟ್ಟುಕೊಂಡು, "ನಮ್ಮಣ್ಣ ಹಾಡಿದ್ದು" ಎಂದು ಮಗ್ಗದ ಮನೆಯವರಿಗೆಲ್ಲ ಕೇಳಿಸುತ್ತಾನಂತೆ. ಅದು ನಿನ್ನದೇ ದನಿ ಅಲ್ವೇನೋ ಎಂದು ಅವರು ನಗುತ್ತಾರಂತೆ.

ಅಷ್ಟು ಚೆಂದದ ನನ್ನ ದನಿ ಅದರಲ್ಲಿ ಇರುವುದೇ ಆದರೆ, ಅದನ್ನು ಕೇಳುವ ಭಾಗ್ಯವೂ ಅವನೊಬ್ಬನಿಗೇ ಸಿಕ್ಕಿದೆ.