ಗಳಿಗೆ ಬಟ್ಟಲಿನ ಯತಿರಾಜ
ನಮ್ಮ ಯತಿರಾಜ ವಾರವಿಡೀ ಕ್ರ್ಯಾನ್‌ಬರಿ ಊರಿನ ಔಷಧ ಕಂಪನಿಯೊಂದರಲ್ಲಿ ಇಂಜಿನಿಯರು; ಶನಿವಾರ ಬಂತೆಂದರೆ ನ್ಯೂಜೆರ್ಸಿಯ ಕನ್ನಡಿಗರ ಮದುವೆಗಳಿಗೆಲ್ಲ ಕಾಲದ ಕಾವಲುಗಾರ. ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಕೊಳಗದಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗಿದಾಗಲೇ ಮುಹೂರ್ತ ಎನ್ನುತ್ತಿದ್ದ. ಯಾರಾದರೂ ಫೋನು ತೋರಿಸಿದರೆ, “ಈ ದೇಶದಲ್ಲಿ ಮಾರ್ಚ್ ಬಂದ್ರೆ ಗಡಿಯಾರಾನ ಒಂದು ಗಂಟೆ ಮುಂದಕ್ಕೆ ತಿರುಗಿಸ್ತೀರಲ್ಲ, ಸೂರ್ಯನಿಗೆ ಇಮೇಲ್ ಹೋಗುತ್ತೇನ್ರೀ?” ಎಂದು ರೇಗುತ್ತಿದ್ದ. ಬಟ್ಟಲಿನ ಹತ್ತಿರ ಜೋರಾಗಿ ಸೀನಲೂ ಬಿಡುತ್ತಿರಲಿಲ್ಲ. ಎಡಿಸನ್ ಊರಿನ ಒಂದು ಮದುವೆಯಲ್ಲಿ, ಮೈಸೂರಿನಿಂದ ಬಂದಿಳಿದ ಮದುಮಗಳ ಅಜ್ಜಿ ಟರ್ನ್‌ಪೈಕ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಹುಡುಗಿ ಬಾಗಿಲನ್ನೇ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. “ಟೈಮ್ ಮೀರ್ತಿದೆಯಲ್ಲ ಯತಿರಾಜ್!” ಎಂದರು ಪುರೋಹಿತರು. “ಬಟ್ಟಲು ಇನ್ನೂ ತೇಲ್ತಿದೆ ಸ್ವಾಮಿ. ಶಾಸ್ತ್ರ ಅಂದ್ರೆ ಶಾಸ್ತ್ರ!” ಎಂದು ಅವನು ಗದರಿದ. ಪಕ್ಕದಲ್ಲಿದ್ದ ನಾನು ಬಗ್ಗಿ ನೋಡಿದೆ. ಯತಿರಾಜ ರೇಷ್ಮೆ ಜುಬ್ಬದ ತೋಳು ನೆನೆಸಿಕೊಂಡು, ನೀರಿನೊಳಗೆ ಬಟ್ಟಲಿನ ತೂತಿಗೆ ಬೆರಳು ಒತ್ತಿ ಹಿಡಿದಿದ್ದ. ಅಜ್ಜಿ ಬಾಗಿಲಲ್ಲಿ ಕಂಡ ಮೇಲೆಯೇ ಬೆರಳು ತೆಗೆದ. ಹೋದ ತಿಂಗಳು ಆಸ್ಪತ್ರೆಯಲ್ಲಿ ಯತಿರಾಜ ಕೊನೆಯ ಉಸಿರು ಎಳೆಯುತ್ತಿದ್ದಾಗ ಅವನ ಮಗಳು ಇನ್ನೂ ವಿಮಾನದಲ್ಲಿದ್ದಳು. ನಾನು ಅವನ ಕೈ ಹಿಡಿದು ಕೂತಿದ್ದೆ. ಅವಳು ಬರುವವರೆಗೆ ಎಲ್ಲಿ ಬೆರಳಿಡಬೇಕೆಂದು ನನಗೆ ತಿಳಿಯಲಿಲ್ಲ.